ಬೇಡವೆಂದರೂ ಬರುವ ಯೋಚನೆ

ಊರಿಗೆ ಹೊರಟವರು ಬಾಗಿಲಿಗೆ ಬೀಗ ಹಾಕಿ, ಎರಡು ಸಲ ಜಗ್ಗಿ ನೋಡಿ, ಬೀದಿಯ ತಿರುವಿನವರೆಗೆ ಹೋಗಿ, ಬೀಗ ಸರಿಯಾಗಿ ಬಿದ್ದಿದೆಯೋ ಇಲ್ಲವೋ ಎಂದು ಹಿಂದಿರುಗಿ ಬರುವುದು ನಾವೆಲ್ಲ ಕಂಡ ಸಂಗತಿಯೇ. ಮಕ್ಕಳು ನಗುತ್ತಾರೆ, ಮನೆಯಾಕೆ ಬಸ್ಸು ತಪ್ಪೀತೆಂದು ಗೊಣಗುತ್ತಾಳೆ. ಬೀಗವೇನೋ ಬಿದ್ದೇ ಇರುತ್ತದೆ. ಇಷ್ಟನ್ನು ರೋಗವೆಂದು ಯಾರೂ ಕರೆಯುವುದಿಲ್ಲ. ಆದರೆ ಅದೇ ಮನುಷ್ಯ ಹತ್ತು ಸಲ, ಇಪ್ಪತ್ತು ಸಲ ಹಿಂದಿರುಗಿ, ಕಡೆಗೆ ಪ್ರಯಾಣವನ್ನೇ ಕೈಬಿಟ್ಟು ಕುಳಿತನೆಂದರೆ, ದಿನಕ್ಕೆ ಒಂದು ಗಂಟೆಗೂ ಮಿಗಿಲಾದ ಹೊತ್ತು ಇಂಥದರಲ್ಲಿಯೇ ಕಳೆದುಹೋಗುತ್ತಿದೆಯೆಂದರೆ, ವೈದ್ಯರು ಅದಕ್ಕೆ ಒಂದು ಹೆಸರು ಕೊಡುತ್ತಾರೆ. ಇಂಗ್ಲಿಷಿನಲ್ಲಿ ಅಬ್ಸೆಸಿವ್ ಕಂಪಲ್ಸಿವ್ ಡಿಸಾರ್ಡರ್, ಚಿಕ್ಕದಾಗಿ ಓಸಿಡಿ; ಕನ್ನಡದಲ್ಲಿ ಗೀಳುರೋಗ.

ಈ ಗೀಳೆಂಬ ಮಾತು ನಮ್ಮನ್ನು ಸ್ವಲ್ಪ ದಾರಿ ತಪ್ಪಿಸುತ್ತದೆ. ಒಬ್ಬನಿಗೆ ಇಸ್ಪೀಟಿನ ಗೀಳು, ಇನ್ನೊಬ್ಬನಿಗೆ ನಾಟಕದ ಗೀಳು ಎಂದು ನಾವು ಹೇಳುವಾಗ, ಅವರಿಗೆ ಅದು ಬಹಳ ಇಷ್ಟ ಎಂದು ಅರ್ಥ. ಇಸ್ಪೀಟು ಸಿಕ್ಕಿದರೆ ಆತನಿಗೆ ಸಂತೋಷ. ವೈದ್ಯರು ಹೇಳುವ ಗೀಳು ಇದಕ್ಕೆ ತೀರ ವಿರುದ್ಧವಾದದ್ದು. ಅದು ಬೇಡವಾದದ್ದು; ಹೇಸಿಗೆ ತರುವಂಥದು; ಬಾಗಿಲು ಹಾಕಿಕೊಂಡರೂ ಒಳಗೆ ನುಗ್ಗುವಂಥದು. ಮನುಷ್ಯ ಯಾವುದನ್ನು ಎಲ್ಲಕ್ಕಿಂತ ಹೆಚ್ಚಾಗಿ ತಿರಸ್ಕರಿಸುತ್ತಾನೆಯೋ ಅದೇ ಅವನ ತಲೆಯಲ್ಲಿ ಮತ್ತೆ ಮತ್ತೆ ಬರುತ್ತದೆ. ಈ ಒಂದು ವ್ಯತ್ಯಾಸವನ್ನು ಮರೆತರೆ ಮುಂದಿನ ಮಾತು ಯಾವುದೂ ತಿಳಿಯಲಾರದು.

ಕೈ ತೊಳೆಯುವುದು, ಬೀಗ ಜಗ್ಗುವುದು, ಗ್ಯಾಸಿನ ಒಲೆಯ ತಿರುಪು ನೋಡುವುದು ಇವೆಲ್ಲ ಕಣ್ಣಿಗೆ ಕಾಣುವ ಲಕ್ಷಣಗಳು. ಇವನ್ನು ಕುರಿತು ನೆರೆಹೊರೆಯವರೂ ಮಾತಾಡಿಕೊಳ್ಳುತ್ತಾರೆ, "ಅವರ ಮನೆಯಲ್ಲಿ ಮಡಿ ಸ್ವಲ್ಪ ಜಾಸ್ತಿ" ಎಂದು. ನಾನು ಇಲ್ಲಿ ಹೇಳಹೊರಟದ್ದು ಕಾಣದೆ ಇರುವುದನ್ನು.

ಬಾಣಂತನಕ್ಕೆಂದು ತವರಿಗೆ ಬಂದ ಒಬ್ಬಾಕೆಯನ್ನು ಊಹಿಸಿಕೊಳ್ಳಿ. ಚೊಚ್ಚಲ ಮಗು, ಮೂರು ತಿಂಗಳು ತುಂಬಿದೆ. ಆಕೆ ಅಡಿಗೆಮನೆಯಲ್ಲಿ ಈಳಿಗೆಮಣೆಯ ಮೇಲೆ ಕುಳಿತು ಹುರುಳಿಕಾಯಿ ಹೆಚ್ಚುತ್ತಿದ್ದಾಳೆ. ಮಗು ಪಕ್ಕದಲ್ಲೇ ಚಾಪೆಯ ಮೇಲೆ ಕೈಕಾಲು ಆಡಿಸುತ್ತಿದೆ. ಇದ್ದಕ್ಕಿದ್ದಂತೆ ಒಂದು ಯೋಚನೆ ಹಾಯುತ್ತದೆ: ನಾನೇ ಈ ಈಳಿಗೆಯಿಂದ ಮಗುವಿಗೆ ಏನಾದರೂ ಮಾಡಿಬಿಟ್ಟರೆ? ಆಕೆಯ ಎದೆ ಧಸಕ್ಕೆನ್ನುತ್ತದೆ. ಎದ್ದು ಹೊರಗೆ ಬರುತ್ತಾಳೆ. ಯಾವ ತಾಯಿಗಾದರೂ ಇಂಥ ಯೋಚನೆ ಬರುವುದುಂಟೆ? ಬಂದಿತೆಂದರೆ ನಾನು ಎಂಥವಳು? ಅಂದಿನಿಂದ ಈಳಿಗೆ ಅಟ್ಟ ಸೇರುತ್ತದೆ. ಮಗುವಿಗೆ ನೀರೆರೆಯುವ ಕೆಲಸವನ್ನು ತಾಯಿಗೆ ಬಿಡುತ್ತಾಳೆ. ಒಬ್ಬಳೇ ಮಗುವಿನ ಜೊತೆ ಇರಲು ಒಲ್ಲಳು. ದಿನಕ್ಕೆ ಹತ್ತು ಸಲ ಕೇಳುತ್ತಾಳೆ: "ಅಮ್ಮ, ನಾನು ಒಳ್ಳೆಯ ತಾಯಿ ಹೌದೇನಮ್ಮ?" ತಾಯಿ ನಗುತ್ತಾಳೆ: "ಹುಚ್ಚು ಹುಡುಗಿ, ಇದೇನು ಮಾತು ಇದು!" ಮಗಳಿಗೆ ಕಿವಿಯಲ್ಲಿ ಉಳಿಯುವುದು ಆ ಹುಚ್ಚು ಎಂಬ ಮಾತೊಂದೇ. ನಡೆದುದನ್ನು ಬಾಯಿಬಿಟ್ಟು ಹೇಳಿದರೆ ಮಗುವನ್ನು ತನ್ನಿಂದ ತೆಗೆದುಕೊಂಡಾರು, ಗಂಡನ ಮನೆಯವರಿಗೆ ತಿಳಿದರೆ ಬಾಳೇ ಹೋಯಿತು ಎಂದು ಆಕೆ ಸುಮ್ಮನಾಗುತ್ತಾಳೆ. ವರ್ಷಗಟ್ಟಲೆ ಹೀಗೆ ಸುಮ್ಮನಿದ್ದುಬಿಡುವವರು ಅನೇಕರು.

ಇಂಥ ಯೋಚನೆ ಈ ಕಾಲದ್ದೇನೂ ಅಲ್ಲ. ಹದಿನೇಳನೆಯ ಶತಮಾನದ ಇಂಗ್ಲೆಂಡಿನಲ್ಲಿ ಜಾನ್ ಬನಿಯನ್ ಎಂಬ ಪಾತ್ರೆ ರಿಪೇರಿಯ ಕಸುಬಿನವನಿದ್ದ. ಮುಂದೆ ಪ್ರಸಿದ್ಧ ಧರ್ಮಬೋಧಕನೂ ಗ್ರಂಥಕಾರನೂ ಆದ. 1666ರಲ್ಲಿ, ಸೆರೆಮನೆಯಲ್ಲಿದ್ದ ಕಾಲದಲ್ಲಿಯೇ, ಪ್ರಕಟವಾದ ತನ್ನ ಆತ್ಮಕಥೆಯಲ್ಲಿ ಆತ ಒಂದು ಸಂಕಟವನ್ನು ಹೇಳಿಕೊಂಡಿದ್ದಾನೆ. ಕ್ರಿಸ್ತನನ್ನು ಮಾರಿಬಿಡು ಎಂಬ ಯೋಚನೆ ಅವನನ್ನು ಹಗಲಿರುಳು ಕಾಡಿತಂತೆ. ಊಟಕ್ಕೆ ಕುಳಿತರೆ ಅದೇ. ನೆಲದ ಮೇಲಿನ ಸೂಜಿ ಹೆಕ್ಕಲು ಬಗ್ಗಿದರೆ ಅದೇ. ಕಟ್ಟಿಗೆ ಒಡೆಯುವಾಗಲೂ ಅದೇ. ಆತ ಪ್ರತಿ ಸಲವೂ ಇಲ್ಲ, ಇಲ್ಲ ಎಂದು ಉತ್ತರ ಕೊಟ್ಟು ಕೊಟ್ಟು ಸೋತ. ಭಕ್ತಿಯೇ ಜೀವವಾಗಿದ್ದವನಿಗೆ ಈ ಯೋಚನೆಯೇ ಏಕೆ ಬರಬೇಕಾಗಿತ್ತು? ಅವನ ಊರಿನ ಹೆಂಡದಂಗಡಿಯಲ್ಲಿ ಕುಳಿತವರಿಗೆ ಬರಲಿಲ್ಲವೇಕೆ? ಬಂದಿತ್ತೋ ಏನೋ, ಬಂದ ಹಾಗೆಯೇ ಹೋಗಿಯೂ ಇದ್ದೀತು.

ಇದು ನನ್ನ ಊಹೆಯಷ್ಟೇ ಅಲ್ಲ. 1978ರಲ್ಲಿ ಲಂಡನ್ನಿನಲ್ಲಿ ಸ್ಟ್ಯಾನ್ಲಿ ರಾಕ್‌ಮನ್ ಮತ್ತು ಪದ್ಮಲ್ ಡಿ ಸಿಲ್ವ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಒಂದು ಸರಳವಾದ ವಿಚಾರಣೆ ನಡೆಸಿದರು. ಇವರಲ್ಲಿ ಎರಡನೆಯವರು ಸಿಂಹಳದಿಂದ ಹೋದವರು. ಯಾವ ರೋಗವೂ ಇಲ್ಲದ ಸಾಮಾನ್ಯ ಜನರನ್ನು ಕರೆದು, ನಿಮಗೆ ಬೇಡದ, ಅಸಹ್ಯವಾದ ಯೋಚನೆಗಳು ತಾವಾಗಿ ಬರುವುದುಂಟೆ ಎಂದು ಕೇಳಿದರು. ನೂರಕ್ಕೆ ಸುಮಾರು 80 ಮಂದಿ ಉಂಟು ಎಂದರು. ರೈಲು ಬರುವಾಗ ಪಕ್ಕದವರನ್ನು ತಳ್ಳಿಬಿಟ್ಟರೆ ಎಂಬಂಥವು, ಹತ್ತಿರದವರಿಗೆ ಕೇಡು ಮಾಡಿದರೆ ಎಂಬಂಥವು, ಹೇಳಬಾರದ ಕಾಮದ ಯೋಚನೆಗಳು. ಅನಂತರ ಈ ಯೋಚನೆಗಳನ್ನೂ ರೋಗಿಗಳ ಯೋಚನೆಗಳನ್ನೂ ಕಲೆಸಿ ಅನುಭವಸ್ಥರ ಮುಂದಿಟ್ಟರು. ರೋಗಿಯದು ಯಾವುದು, ಸ್ವಸ್ಥನದು ಯಾವುದು ಎಂದು ವಿಂಗಡಿಸುವುದು ಅವರಿಗೂ ಸುಲಭವಾಗಲಿಲ್ಲ. ಸರಕು ಒಂದೇ. ರೋಗಿಗೆ ಅದು ಹೆಚ್ಚು ಸಲ ಬರುತ್ತದೆ, ಹೆಚ್ಚು ಹೊತ್ತು ನಿಲ್ಲುತ್ತದೆ, ಹೆಚ್ಚು ಸುಡುತ್ತದೆ, ಅಷ್ಟೇ. 2014ರಲ್ಲಿ ಆ್ಯಡಮ್ ರಾಡೊಮ್ಸ್ಕಿ ಮತ್ತು ಸಂಗಡಿಗರು 13 ದೇಶಗಳ 777 ವಿದ್ಯಾರ್ಥಿಗಳಲ್ಲಿ ಇದನ್ನೇ ವಿಚಾರಿಸಿದಾಗ, ಹಿಂದಿನ ಮೂರು ತಿಂಗಳಲ್ಲಿ ಇಂಥ ಒಂದಾದರೂ ಯೋಚನೆ ಬಂದಿತ್ತೆಂದವರು ನೂರಕ್ಕೆ 94ರಷ್ಟು.

ನಮ್ಮ ಬಾಣಂತಿಗೆ ಇನ್ನೂ ಹತ್ತಿರದ ಒಂದು ಅಧ್ಯಯನವುಂಟು. ಕೆನಡದಲ್ಲಿ ನಿಕೋಲ್ ಫೇರ್‌ಬ್ರದರ್ ಮತ್ತು ಶೀಲ ವುಡಿ ಎಂಬುವರು ಹೊಸ ತಾಯಂದಿರನ್ನು ಹೆರಿಗೆಯಾದ 4ನೆಯ ವಾರದಲ್ಲಿಯೂ 12ನೆಯ ವಾರದಲ್ಲಿಯೂ ಮಾತನಾಡಿಸಿದರು. 2008ರಲ್ಲಿ ಅದರ ವರದಿ ಬಂದಿತು. ಮಗುವಿಗೆ ಆಕಸ್ಮಿಕವಾಗಿ ಏನಾದರೂ ಆದೀತೆಂಬ ಯೋಚನೆ ಎಲ್ಲರಿಗೂ ಬಂದಿತ್ತು. ತಾನೇ ಬೇಕೆಂದು ಮಗುವಿಗೆ ನೋವು ಮಾಡಿದಂತೆ ಬೇಡದ ಯೋಚನೆ ಹಾದುಹೋದುದಾಗಿ ಒಪ್ಪಿಕೊಂಡವರು ಹತ್ತಿರಹತ್ತಿರ ಅರ್ಧದಷ್ಟು ಮಂದಿ. ಇವರು ಕೊಲೆಗಡುಕಿಯರಲ್ಲ, ಮಕ್ಕಳಿಗೆ ಹಾಲೂಡಿಸಿ ಮಲಗಿಸುತ್ತಿದ್ದ ಸಾಧಾರಣ ತಾಯಂದಿರು. ಇದೇ ಫೇರ್‌ಬ್ರದರ್ ಮತ್ತು ಅವರ ಸಂಗಡಿಗರು 2022ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನದಲ್ಲಿ, ಇಂಥ ಯೋಚನೆ ಬಂದವರು ಮಗುವಿನ ಮೇಲೆ ಕೈಮಾಡುವುದು ಹೆಚ್ಚು ಎಂಬುದಕ್ಕೆ ಯಾವ ಆಧಾರವೂ ಸಿಕ್ಕಲಿಲ್ಲ.

ಹಾಗಾದರೆ ಅರ್ಧದಷ್ಟು ತಾಯಂದಿರಿಗೆ ಬಂದುಹೋದ ಯೋಚನೆ ಒಬ್ಬಾಕೆಯಲ್ಲಿ ಮಾತ್ರ ಏಕೆ ಬೇರೂರುತ್ತದೆ? 1985ರಲ್ಲಿ ಪಾಲ್ ಸಾಲ್ಕೊವ್‌ಸ್ಕಿಸ್, 1997ರಲ್ಲಿ ಅದೇ ರಾಕ್‌ಮನ್ ಹೇಳಿದುದೇನೆಂದರೆ, ವಿಷವಿರುವುದು ಯೋಚನೆಯಲ್ಲಲ್ಲ, ಅದಕ್ಕೆ ನಾವು ಕಟ್ಟುವ ಅರ್ಥದಲ್ಲಿ. ಒಬ್ಬಳು, ಇದೇನು ಹುಚ್ಚು ಯೋಚನೆ ಎಂದು ಕೊಡವಿಕೊಂಡು ಹುರುಳಿಕಾಯಿ ಮುಂದುವರಿಸುತ್ತಾಳೆ. ಇನ್ನೊಬ್ಬಳು, ಇದು ನನ್ನ ಒಳಗಿನಿಂದ ತಾನೆ ಬಂದದ್ದು, ಆದುದರಿಂದ ಇದು ನನ್ನ ನಿಜವಾದ ಸ್ವರೂಪ ಎಂದು ಓದಿಕೊಳ್ಳುತ್ತಾಳೆ. ಕೆಟ್ಟದ್ದನ್ನು ಯೋಚಿಸುವುದು ಮಾಡಿದಷ್ಟೇ ಪಾಪವೆಂಬ ಭಾವನೆ ಒಂದು, ಯೋಚಿಸಿದರೆ ಅದು ನಡೆದೇ ತೀರುವ ಸಂಭವ ಹೆಚ್ಚು ಎಂಬ ಭಾವನೆ ಇನ್ನೊಂದು. ಯೋಚನೆಯನ್ನೂ ಕ್ರಿಯೆಯನ್ನೂ ಹೀಗೆ ಬೆಸೆದುಬಿಡುವುದನ್ನು 1996ರಿಂದ ವಿದ್ವಾಂಸರು ಪ್ರತ್ಯೇಕವಾಗಿ ಅಳೆದು ನೋಡಿದ್ದಾರೆ. ನಮಗೆ ಇದು ಅಪರಿಚಿತವಲ್ಲ. ಸಂಜೆ ದೀಪ ಹಚ್ಚುವ ಹೊತ್ತಿನಲ್ಲಿ ಅಪಶಬ್ದ ಆಡಿದರೆ ಅಸ್ತು ದೇವತೆಗಳು ಅಸ್ತು ಎಂದುಬಿಡುತ್ತಾರೆಂದು ಅಜ್ಜಿಯರು ಗದರಿಸುತ್ತಿದ್ದರು. ಮಕ್ಕಳ ನಾಲಗೆಯನ್ನು ಹದದಲ್ಲಿಡಲು ಅದು ಒಳ್ಳೆಯ ಉಪಾಯವೇ ಇದ್ದೀತು. ಆದರೆ ಆ ದೇವತೆಗಳು ನಾಲಗೆಯನ್ನು ಬಿಟ್ಟು ತಲೆಯೊಳಗೇ ಕುಳಿತು ಪ್ರತಿಯೊಂದು ಯೋಚನೆಗೂ ಅಸ್ತು ಎನ್ನತೊಡಗಿದರೆ ಮನುಷ್ಯ ಬದುಕುವುದು ಹೇಗೆ?

ಯೋಚನೆಯನ್ನು ಒತ್ತಿ ಹಿಡಿದರೆ ಹೋದೀತೆ? ಅಮೆರಿಕದ ಡೇನಿಯಲ್ ವೆಗ್ನರ್ 1987ರಲ್ಲಿ ವಿದ್ಯಾರ್ಥಿಗಳಿಗೆ ಐದು ನಿಮಿಷ ಬಿಳಿ ಕರಡಿಯನ್ನು ಕುರಿತು ಯೋಚಿಸಬೇಡಿ, ಯೋಚನೆ ಬಂದಾಗಲೆಲ್ಲ ಗಂಟೆ ಬಾರಿಸಿ ಎಂದು ಹೇಳಿದರು. ಗಂಟೆ ಬಾರಿಸುತ್ತಲೇ ಇದ್ದಿತು. ಓದುಗರು ಬೇಕಾದರೆ ಮನೆಯಲ್ಲಿಯೇ ಇದನ್ನು ಪರೀಕ್ಷಿಸಬಹುದು, ಖರ್ಚಿಲ್ಲದ ಪ್ರಯೋಗ.

ಈಚೆಗೆ ಈ ವಿಚಾರ ಇನ್ನೂ ಒಂದು ಹೆಜ್ಜೆ ಒಳಕ್ಕೆ ಹೋಗಿದೆ. ಎಲ್ಲ ಯೋಚನೆಗಳೂ ಒಬ್ಬನನ್ನು ಒಂದೇ ಸಮನಾಗಿ ಸುಡುವುದಿಲ್ಲವಲ್ಲ! ಬೀಗದ ವಿಷಯದಲ್ಲಿ ನಿಶ್ಚಿಂತನಾದವನು ದೇವರ ವಿಷಯದಲ್ಲಿ ನಡುಗುತ್ತಾನೆ. ದೇವರ ಗೊಡವೆಗೆ ಹೋಗದವನು ರಸ್ತೆಯಲ್ಲಿ ಯಾರನ್ನೋ ಗುದ್ದಿ ಬಂದೆನೇನೋ ಎಂದು ಸ್ಕೂಟರನ್ನು ಹಿಂದಕ್ಕೆ ತಿರುಗಿಸುತ್ತಾನೆ. ಕೆನಡದ ಕ್ಯಾರನ್ ರೋವ, ಕ್ರಿಸ್ಟೀನ್ ಪರ್ಡನ್ ಮೊದಲಾದವರು 2005ರಲ್ಲಿ ರೋಗಿಗಳನ್ನೇ ವಿಚಾರಿಸಿ ನೋಡಿದಾಗ, ಅತ್ಯಂತ ಹೆಚ್ಚಾಗಿ ನೋಯಿಸುವ ಗೀಳು ಅವರ ಬಾಳಿನ ಅತ್ಯಂತ ಬೆಲೆಯುಳ್ಳ ಅಂಶಕ್ಕೇ ವಿರೋಧವಾಗಿರುತ್ತದೆಂದು ಕಂಡಿತು. ಸೌಮ್ಯನಿಗೆ ಹಿಂಸೆಯ ಯೋಚನೆ, ಭಕ್ತನಿಗೆ ದೇವದೂಷಣೆಯ ಯೋಚನೆ, ತಾಯಿಗೆ ಮಗುವಿನ ಕೇಡಿನ ಯೋಚನೆ. ಕೊಳಕಿಗೆ ಅಂಜುವವನು ಬಿಳಿಯ ಪಂಚೆಯ ಮೇಲಿನ ಕಲೆಯನ್ನೇ ನೋಡುವಂತೆ.

ಇಟಲಿಯ ಗ್ವಿಡಾನೊ ಮತ್ತು ಲಿಯೊಟ್ಟಿ 1983ರಲ್ಲಿಯೇ ಇದರ ಬುಡಕ್ಕೆ ಕೈಹಾಕಿದ್ದರು. ತಾನು ಒಳ್ಳೆಯವನೋ ಕೆಟ್ಟವನೋ ಎಂಬ ವಿಷಯದಲ್ಲಿ ಕೆಲವರಿಗೆ ಒಳಗೇ ಒಂದು ತೂಗುಯ್ಯಾಲೆ ಇರುತ್ತದೆ. ದಿನದಿನವೂ ಸಾಕ್ಷಿ ಒದಗಿಸಿ ಗೆಲ್ಲಬೇಕಾದ ವ್ಯಾಜ್ಯದಂತೆ ಅವರು ತಮ್ಮ ಒಳ್ಳೆಯತನವನ್ನು ಹೊತ್ತಿರುತ್ತಾರೆ ಎಂದು ಅವರ ಅಭಿಪ್ರಾಯ. ಆಸ್ಟ್ರೇಲಿಯದ ಭಾರ್ ಮತ್ತು ಕಿರಿಯೋಸ್ 2007ರಲ್ಲಿ ಈ ಉಯ್ಯಾಲೆಯನ್ನು ಪ್ರಶ್ನಾವಳಿಯಿಂದ ಅಳೆದರು. ಅದೇ ವರ್ಷ ಕೆನಡದ ಫ್ರೆಡರಿಕ್ ಆರ್ಡೆಮ ಮತ್ತು ಕೀರನ್ ಒಕಾನರ್, ರೋಗಿ ಅಂಜುವುದು ಯೋಚನೆಗಲ್ಲ, ತಾನು ಆಗಿಬಿಡಬಹುದಾದ ಒಬ್ಬ ಕಲ್ಪನೆಯ ಮನುಷ್ಯನಿಗೆ ಎಂದರು. ಇದನ್ನು ಅಂಜಿಕೆಯ ನಾನು ಎನ್ನೋಣ. ಈಳಿಗೆಯ ಮುಂದೆ ಕುಳಿತ ಆ ತಾಯಿಗೆ ಕೋಪವಿಲ್ಲ, ಆಸೆಯಿಲ್ಲ, ಹಿಂದೆಂದೂ ಹಾಗೆ ನಡೆದುಕೊಂಡವಳೂ ಅಲ್ಲ. ಕಣ್ಣೆದುರಿಗೆ ಇರುವ ಸಾಕ್ಷಿ ಎಲ್ಲವೂ ಅವಳ ಪರವೇ. ಆದರೂ ಆಕೆ ಅದೆಲ್ಲವನ್ನೂ ಬಿಟ್ಟು ಇರಬಹುದೇನೋ ಎಂಬ ಒಂದು ಪದವನ್ನು ಹಿಡಿದು, ಇಲ್ಲದ ಒಬ್ಬ ರಾಕ್ಷಸಿಯನ್ನು ಕಲ್ಪಿಸಿಕೊಂಡು, ಅವಳನ್ನು ಕಾವಲು ಕಾಯುತ್ತಾಳೆ.

ಈ ವಾದವನ್ನು ನಾನು ಮೆಚ್ಚಿದರೂ ಪೂರ್ತಿಯಾಗಿ ಒಪ್ಪಿಕೊಳ್ಳುವಂತಿಲ್ಲ. ತನ್ನನ್ನು ಕುರಿತ ಸಂಶಯದಿಂದ ರೋಗ ಬಂದಿತೋ, ವರ್ಷಗಟ್ಟಲೆ ರೋಗ ಅನುಭವಿಸಿ ಸಂಶಯ ಹುಟ್ಟಿತೋ ಎಂಬುದು ಪ್ರಶ್ನಾವಳಿಗಳಿಂದ ತೀರ್ಮಾನವಾಗುವುದಿಲ್ಲ. ಈ ರೋಗ ವಂಶದಲ್ಲಿ ಹರಿದುಬರುವುದುಂಟು. ಮಿದುಳಿನ ಮುಂಭಾಗಕ್ಕೂ ಅದರ ಆಳದ ಕೆಲವು ಕೇಂದ್ರಗಳಿಗೂ ನಡುವಣ ಸಂಪರ್ಕದಲ್ಲಿ ವ್ಯತ್ಯಾಸಗಳೂ ಕಂಡುಬಂದಿವೆ. ಮನಸ್ಸಿನ ವಿವರಣೆ ಮಿದುಳಿನ ವಿವರಣೆಯನ್ನು ಅಳಿಸಬೇಕಾಗಿಲ್ಲ.

ಆದರೆ ರೋಗಿ ತನ್ನನ್ನೇ ಪರೀಕ್ಷಿಸಿಕೊಳ್ಳುವುದು ಏಕೆ ಎಂದಿಗೂ ಮುಗಿಯುವುದಿಲ್ಲ ಎಂಬುದಕ್ಕೆ ಒಂದು ಸೊಗಸಾದ ಪ್ರಯೋಗವುಂಟು. 2003ರಲ್ಲಿ ಹಾಲೆಂಡಿನ ಮಾರ್ಸೆಲ್ ವಾನ್ ಡೆನ್ ಹೌಟ್ ಮತ್ತು ಮೆರೆಲ್ ಕಿಂಡ್ಟ್ ಕಂಪ್ಯೂಟರಿನ ಪರದೆಯ ಮೇಲೆ ಒಂದು ಗ್ಯಾಸ್ ಒಲೆಯನ್ನು ತೋರಿಸಿ, ಆರೋಗ್ಯವಂತ ಜನರಿಂದ ಅದರ ತಿರುಪುಗಳನ್ನು ಮತ್ತೆ ಮತ್ತೆ ಪರೀಕ್ಷೆ ಮಾಡಿಸಿದರು. ಕಡೆಯ ಸಲ ಯಾವ ತಿರುಪುಗಳನ್ನು ನೋಡಿದಿರಿ ಎಂದು ಕೇಳಿದಾಗ ಉತ್ತರ ಸರಿಯಾಗಿಯೇ ಬಂದಿತು. ಆದರೆ ಆ ನೆನಪು ಮಸುಕಾಗಿತ್ತು. ಅದರಲ್ಲಿ ಅವರಿಗೆ ನಂಬಿಕೆ ಉಳಿದಿರಲಿಲ್ಲ. ನೋಡಿದಷ್ಟೂ ನೆನಪು ಗಟ್ಟಿಯಾಗಬೇಕೆಂದು ನಾವು ತಿಳಿದಿದ್ದರೆ, ನಡೆಯುವುದು ಅದರ ತಿರುಗುಮುರುಗು. ಮೂರು ವರ್ಷಗಳ ತರುವಾಯ ಕೆನಡದಲ್ಲಿ ನಿಜವಾದ ಒಲೆಯನ್ನೇ ಇಟ್ಟು ನೋಡಿದರೂ ಇದೇ ಫಲ.

ಒಲೆಯ ವಿಷಯದಲ್ಲಿ ನಿಜವಾದದ್ದು ಎದೆಯ ವಿಷಯದಲ್ಲಿಯೂ ನಿಜವೆಂದು ತೋರುತ್ತದೆ. ಟೆಲ್ ಅವೀವಿನ ರುವೆನ್ ದಾರ್, ನೀರ ಲಿಬರ್ಮನ್ ಮತ್ತು ಸಂಗಡಿಗರು ಜನರ ತೋಳಿನ ಬಿಗಿತವನ್ನು ಯಂತ್ರದಿಂದ ಅಳೆದು, ಆ ಅಳತೆಯನ್ನು ಕೆಲವು ಸಲ ಸುಳ್ಳಾಗಿ ತೋರಿಸಿದರು. ಗೀಳಿನ ಸ್ವಭಾವ ಹೆಚ್ಚಾಗಿರುವವರು ತಮ್ಮ ತೋಳು ಹೇಳುವುದನ್ನು ಬಿಟ್ಟು ಯಂತ್ರ ಹೇಳಿದುದನ್ನೇ ಹೆಚ್ಚಾಗಿ ನಂಬಿದರು. ತನ್ನ ಒಳಗು ತನಗೆ ನೇರವಾಗಿ ಕಾಣದಿದ್ದಾಗ ಮನುಷ್ಯ ಹೊರಗಿನ ಗುರುತು ಹುಡುಕುತ್ತಾನೆ ಎಂದು ಇವರ ವಾದ. ನಾನು ಮಗುವನ್ನು ಪ್ರೀತಿಸುತ್ತೇನೆಯೇ? ಆಕೆ ಮಗುವಿನ ಮುಖ ನೋಡುತ್ತಾಳೆ, ಎದೆಯಲ್ಲಿ ಏನಾಗುತ್ತದೆಂದು ಕಾಯುತ್ತಾಳೆ. ಕಾದಷ್ಟೂ ಏನೂ ಆಗುವುದಿಲ್ಲ. ಮತ್ತೆ ತಾಯಿಯನ್ನು ಕೇಳುತ್ತಾಳೆ.

ಮನೆಯವರ ಪಾತ್ರ ಬರುವುದು ಇಲ್ಲಿಯೇ. ನೀನು ಅಂಥವಳಲ್ಲ ಎಂದು ತಾಯಿ ಹೇಳುವ ಸಾಂತ್ವನ ಪ್ರೀತಿಯ ಮಾತು. ಒಂದು ಸಲ ಹೇಳಬೇಕಾದ ಮಾತು. ದಿನಕ್ಕೆ ಇಪ್ಪತ್ತು ಸಲ ಹೇಳಿದರೆ ಅದು ಬೀಗ ಜಗ್ಗುವ ಕೈಯ ಕೆಲಸವನ್ನೇ ಮಾಡುತ್ತದೆ. ಕಾಲು ಗಂಟೆಯ ನೆಮ್ಮದಿ, ಮತ್ತೆ ಅದೇ ಸಂಶಯ. ಗದರಿಸಿ ಸುಮ್ಮನಾಗಿಸುವುದೂ ಸಲ್ಲದು. "ಇದು ಗೀಳು ಕೇಳಿಸುತ್ತಿರುವ ಪ್ರಶ್ನೆ ಕಣಮ್ಮ, ಇದಕ್ಕೆ ನಾನು ಉತ್ತರ ಹೇಳುವುದಿಲ್ಲ. ಬಾ, ಇಬ್ಬರೂ ಕುಳಿತು ಅವರೆಕಾಯಿ ಸುಲಿಯೋಣ" ಎನ್ನಬಹುದು. ಮಗಳೂ ತಾಯಿಯೂ ಮೊದಲೇ ಮಾತಾಡಿಕೊಂಡು, ವೈದ್ಯರ ಸಲಹೆಯಂತೆ, ಇದನ್ನು ಸ್ವಲ್ಪ ಸ್ವಲ್ಪವಾಗಿ ನಡೆಸಬೇಕು.

ಈ ಚಿಕಿತ್ಸೆಯ ಮೂಲ 1966ರಷ್ಟು ಹಳೆಯದು. ಆ ವರ್ಷ ಲಂಡನ್ನಿನ ವಿಕ್ಟರ್ ಮೇಯರ್, ಆವರೆಗೆ ಯಾವ ಉಪಾಯಕ್ಕೂ ಬಗ್ಗದಿದ್ದ ಇಬ್ಬರು ರೋಗಿಗಳನ್ನು ಅವರು ಅಂಜುವುದರ ಎದುರಿಗೇ ನಿಲ್ಲಿಸಿ, ತೊಳೆಯುವುದು ಮುಂತಾದ ಕ್ರಿಯೆಗಳನ್ನು ಮಾಡದಂತೆ ತಡೆದು, ಗುಣ ಕಂಡುದನ್ನು ವರದಿ ಮಾಡಿದರು. ಈಗ ಬಲವಂತವಿಲ್ಲ, ರೋಗಿಯ ಒಪ್ಪಿಗೆಯಿಂದ ಮೆಟ್ಟಿಲು ಮೆಟ್ಟಿಲಾಗಿ ಮಾಡಿಸುತ್ತಾರೆ. ನಮ್ಮ ಬಾಣಂತಿಗಾದರೆ, ಮೊದಲು ಈಳಿಗೆ ಅಟ್ಟದಿಂದ ಇಳಿಯುತ್ತದೆ. ಆಮೇಲೆ ಮಗು ಪಕ್ಕದ ಕೋಣೆಯಲ್ಲಿರುವಾಗ ತರಕಾರಿ ಹೆಚ್ಚುವುದು. ಆಮೇಲೆ ಮಗುವಿಗೆ ತಾನೇ ನೀರೆರೆಯುವುದು. ಕಡೆಗೆ ಮೊದಲಿನಂತೆ ಮಗು ಚಾಪೆಯ ಮೇಲಿರುವಾಗಲೇ ಈಳಿಗೆಮಣೆಯ ಮೇಲೆ ಕೂರುವುದು. ಯೋಚನೆ ಬರುತ್ತದೆ. ಅದನ್ನು ಓಡಿಸುವುದಿಲ್ಲ, ಅದರೊಡನೆ ವಾದಿಸುವುದಿಲ್ಲ, ಯಾರನ್ನೂ ಕೇಳುವುದಿಲ್ಲ. ಎದೆಬಡಿತ ಏರಿ, ತಾನಾಗಿ ಇಳಿಯುತ್ತದೆ.

ಒಂದು ಎಚ್ಚರ ಮಾತ್ರ ಅವಶ್ಯ. ಇಲ್ಲಿ ಹೇಳಿದ್ದೆಲ್ಲ ಬೇಡದ ಯೋಚನೆಗೆ ಬೆದರಿ ಮಗುವನ್ನು ಕಾಪಾಡಲು ಒದ್ದಾಡುವ ತಾಯಿಯನ್ನು ಕುರಿತು. ಹೆರಿಗೆಯಾದ ಹೊಸತರಲ್ಲಿ ಒಬ್ಬಾಕೆ ನಿದ್ದೆಯಿಲ್ಲದೆ ಗಲಿಬಿಲಿಗೊಂಡು, ಇಲ್ಲದ ದನಿಗಳನ್ನು ಕೇಳುತ್ತಿದ್ದರೆ, ಮಗುವಿನಲ್ಲಿ ದೆವ್ವ ಸೇರಿದೆಯೆಂದೋ ಅದನ್ನು ಕಳುಹಿಸಿಕೊಡಬೇಕೆಂಬ ಅಪ್ಪಣೆಯಾಗಿದೆಯೆಂದೋ ನಂಬಿ ನುಡಿಯುತ್ತಿದ್ದರೆ, ಅದು ಬೇರೆಯೇ ರೋಗ. ಆಗ ಆಕೆಯನ್ನು ಒಬ್ಬಳನ್ನೇ ಬಿಡದೆ ಅಂದೇ ಆಸ್ಪತ್ರೆಗೆ ಕರೆದೊಯ್ಯಬೇಕು. ಎರಡನ್ನೂ ಬೇರ್ಪಡಿಸಿ ಹೇಳುವುದು ವೈದ್ಯರ ಕೆಲಸ, ನಮ್ಮ ನಿಮ್ಮದಲ್ಲ.

ವೈದ್ಯರು ಎಲ್ಲಿ ಸಿಕ್ಕುತ್ತಾರೆ? ಬೆಂಗಳೂರಿನ ನಿಮ್ಹಾನ್ಸಿನಲ್ಲಿ ಗೀಳುರೋಗಕ್ಕೆಂದೇ ವಿಶೇಷ ಕ್ಲಿನಿಕ್ ಉಂಟು. ಜಿಲ್ಲಾ ಆಸ್ಪತ್ರೆಗಳಲ್ಲಿಯೂ ಮೆಡಿಕಲ್ ಕಾಲೇಜುಗಳಲ್ಲಿಯೂ ಮನೋವೈದ್ಯರು ದೊರೆಯುತ್ತಾರೆ. ಮುಖ ತೋರಿಸಿ ಹೇಳಲು ನಾಚಿಕೆಯಾದರೆ 2022ರಲ್ಲಿ ಪ್ರಾರಂಭವಾದ ಟೆಲಿ ಮಾನಸ್ ಎಂಬ ಸರ್ಕಾರದ ಉಚಿತ ದೂರವಾಣಿಯಲ್ಲಿ, 14416ರಲ್ಲಿ, ಕನ್ನಡದಲ್ಲಿಯೇ ಮಾತಾಡಬಹುದು. ಹೇಗೆ ಪ್ರಾರಂಭಿಸಬೇಕೆಂದು ತಿಳಿಯದವರು, ನನಗೆ ಬೇಡದ ಯೋಚನೆಗಳು ಬರುತ್ತವೆ, ಅವನ್ನು ಹೇಳಲು ಹೆದರಿಕೆಯಾಗುತ್ತದೆ ಎಂದಿಷ್ಟು ಹೇಳಿದರೆ ಸಾಕು. ವಿವರಗಳನ್ನು ಅವರೇ ಕೇಳಿಕೊಳ್ಳುತ್ತಾರೆ. ಇಂಥ ನೂರಾರು ಮಂದಿಯ ಮಾತು ಕೇಳಿದವರಿಗೆ ನಿಮ್ಮ ಯೋಚನೆ ಹೊಸದಲ್ಲ. ಔಷಧಿ ಕೊಟ್ಟರೆ ಎಂಟು ಹತ್ತು ದಿನದಲ್ಲಿ ಗುಣ ಕಾಣಲಿಲ್ಲವೆಂದು ಬಿಟ್ಟುಬಿಡಬಾರದು. ಈ ರೋಗದಲ್ಲಿ ಔಷಧಿಯ ಪೂರ್ಣ ಪರಿಣಾಮ ತಿಳಿಯಲು 8ರಿಂದ 12 ವಾರ ಬೇಕಾಗುತ್ತದೆ. ಎದೆಹಾಲು ಕೊಡುತ್ತಿರುವ ತಾಯಿ ಆ ಸಂಗತಿಯನ್ನು ಮೊದಲ ದಿನವೇ ವೈದ್ಯರಿಗೆ ತಿಳಿಸಬೇಕು. ಅದಕ್ಕೆ ಹೊಂದುವ ಔಷಧಿಗಳೂ ಉಂಟು.